ಮೆಕ್ಕೆಜೋಳ ಹಿಡಿದಿಟ್ಟರೆ ದರ ಬರುತ್ತಾ?

ದೀಪಾವಳಿ ಕಳೆಯಿತು ಅಂದರೆ ಈ ಪ್ರಶ್ನೆ ಶುರು. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ವಾಟ್ಸಾಪ್ ಸುದ್ದಿ. ನನಗೆ ಸಿಟ್ಟು ಬರೋದು ಕೇಳುವ ರೈತರ ಮೇಲಲ್ಲ, ಆ ಸುದ್ದಿ ಹಬ್ಬಿಸುವವರ ಮೇಲೆ. ಬಿತ್ತನೆ, ತಳಿ, ಗೊಬ್ಬರದ ಮಾತು ಇಲ್ಲಿ ಬೇಡ. ಅದು ನಿಮಗೆ ಗೊತ್ತಿದೆ.

ಪ್ರಶ್ನೆ: ಎಲ್ ನಿನೋ ಬರುತ್ತಂತೆ, ಪೆಸಿಫಿಕ್ ಸಮುದ್ರ ಬಿಸಿಯಾಗಿ ನಮ್ಮ ಮಳೆ ಕೈಕೊಡುತ್ತಂತೆ. ಅಮೆರಿಕದ ಸುಂಕದ ಜಗಳದಿಂದ ಹೊರಗೆ ಜೋಳದ ರೇಟು ಏರುತ್ತಂತೆ. ನಮ್ಮಲ್ಲಿ 100 ಕ್ವಿಂಟಲ್ ಇದೆ, ಇನ್ನೂ ಹಸಿ, ತಾಡಪಾಲು ಮುಚ್ಚಿದ್ದೇವೆ. ಮಾರ್ಚ್‌ವರೆಗೆ ಇಡಬಹುದಾ ಸರ್? (ಜಗಳೂರು ಕಡೆಯ ರೈತರು)

ಹಸಿ ಜೋಳಕ್ಕೆ ತಾಡಪಾಲು ಮುಚ್ಚಿದ್ದೇವೆ ಅಂದಿರಲ್ಲ, ಮೊದಲು ಅದನ್ನು ಬಿಚ್ಚಿ. ಎಲ್ ನಿನೋ ಆಮೇಲೆ. ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ, ಒಂದು ಹಿಡಿ ತೆಗೆದು ಮೂಸಿದಾಗ ಮುಗ್ಗಲು ವಾಸನೆ ಬಂದರೆ, ಬೂಷ್ಟು ಹಿಡಿಯೋಕೆ ಶುರುವಾಗಿದೆ ಅಂತ ಅರ್ಥ. ಆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಬೇಯಿಸಿದರೂ ಹೋಗಲ್ಲ. ಅಂಥ ಕಾಳನ್ನು ಹಸುವಿಗೆ ಹಾಕಿದರೆ ಹಾಲಿಗೂ ಬರುತ್ತೆ. ತೇವ ಶೇ 14ಕ್ಕೆ ಇಳಿಯುವವರೆಗೆ ಒಣಗಿಸಿ. ಮೀಟರ್ ಇಲ್ಲದಿದ್ದರೆ ಕಾಳು ಕಚ್ಚಿ ನೋಡಿ. ಕಟಕ್ ಅಂತ ಮುರಿಯಬೇಕು, ಹಲ್ಲಿಗೆ ಅಂಟಬಾರದು. ಶೇ 20 ತೇವ ಇದ್ದ 100 ಕ್ವಿಂಟಲ್ ಒಣಗಿದ ಮೇಲೆ 93 ಆಗುತ್ತೆ. ಕಾಳು ಎಲ್ಲೂ ಹೋಗಿಲ್ಲ, ನೀರು ಹೋಗಿದೆ. ಹಸಿ ಮಾರಿದರೂ ಖರೀದಿದಾರ ಅದನ್ನು ಮುರಿದುಕೊಂಡೇ ದುಡ್ಡು ಕೊಡೋದು.

ಈಗ ದೂರದ ಸುದ್ದಿಗೆ ಬರೋಣ. ಪ್ರಪಂಚದ ಮೆಕ್ಕೆಜೋಳದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಮೆರಿಕದ್ದೇ, ನಿಜ. ಆದರೆ ಅವರ ಜೋಳದಲ್ಲಿ ಶೇ 90ಕ್ಕಿಂತ ಜಾಸ್ತಿ ಕುಲಾಂತರಿ, ಅಂದರೆ ಜೀನ್ ಬದಲಿಸಿದ ತಳಿ, ನಮ್ಮ ದೇಶ ಅದನ್ನು ಒಳಗೆ ಬಿಡುತ್ತಿಲ್ಲ. ಹಾಗಾಗಿ ಅಮೆರಿಕದ ಶಿಕಾಗೋ ಪೇಟೆಯಲ್ಲಿ ಏರಿದ ರೇಟು ಮಾರನೇ ದಿನ ದಾವಣಗೆರೆ ಎಪಿಎಂಸಿಗೆ ಬಂದು ಇಳಿಯಲ್ಲ. ನಮ್ಮ ದರ ನಿಂತಿರೋದು ಕೋಳಿ ಆಹಾರದವರು, ಸ್ಟಾರ್ಚ್ ಕಾರ್ಖಾನೆಯವರು, ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡುವವರು ಎಷ್ಟು ಕೊಳ್ಳುತ್ತಾರೆ ಅನ್ನೋದರ ಮೇಲೆ. 2025ನ್ನು ನೆನಪು ಮಾಡಿಕೊಳ್ಳಿ. ಎಥನಾಲ್‌ಗೆ ಬೇಡಿಕೆ ಇದೆ ಅಂತ ಎಲ್ಲರೂ ಜೋಳ ಹಾಕಿದರು. ಆ ವರ್ಷ ಎಥನಾಲ್‌ಗೆ ಸರ್ಕಾರದ ಗೋದಾಮಿನ ಅಕ್ಕಿಯೂ ಕ್ವಿಂಟಲ್‌ಗೆ ₹2,250ರಂತೆ ಸಿಕ್ಕಿತು, ಜೋಳಕ್ಕೆ ಅದೇ ಪೈಪೋಟಿಯಾಯಿತು. ಬೆಂಬಲ ಬೆಲೆ ₹2,400 ಇದ್ದರೂ ಪೇಟೆಯಲ್ಲಿ ₹1,600–1,800ಕ್ಕೆ ಮಾರಿ ರೈತರು ಬೀದಿಗಿಳಿಯಬೇಕಾಯಿತು. ಅದರಲ್ಲಿ ಪೆಸಿಫಿಕ್ ಸಮುದ್ರದ ಪಾತ್ರ ಏನಿತ್ತು ಹೇಳಿ?

ಎಲ್ ನಿನೋ ಸುಳ್ಳಲ್ಲ. ಪೆಸಿಫಿಕ್‌ನ ನಡುವೆ, ಪೂರ್ವದಲ್ಲಿ ನೀರು ಬಿಸಿಯಾದರೆ ನಮ್ಮ ಮುಂಗಾರಿಗೆ ಪೆಟ್ಟು ಬೀಳಬಹುದು. ಬಿದ್ದೇ ಬೀಳುತ್ತೆ ಅಂತ ಹೇಳೋಕಾಗಲ್ಲ. 1997ರಲ್ಲಿ ಭಾರೀ ಎಲ್ ನಿನೋ ಇತ್ತು, ದೇಶದ ಮಳೆ ವಾಡಿಕೆಯಷ್ಟೇ ಆಯಿತು, ಯಾಕಂದ್ರೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗವೂ ಬಿಸಿಯಾಗಿ ನಮ್ಮ ಕೈ ಹಿಡಿಯಿತು. 2002ರದ್ದು ಅದಕ್ಕಿಂತ ದುರ್ಬಲ, ಆದರೂ ಮಳೆ ಶೇ 19ರಷ್ಟು ಕಡಿಮೆಯಾಯಿತು. ಮತ್ತೆ ಎಲ್ ನಿನೋ ಇದ್ದ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಇದನ್ನು ನೋಡಿ ಮುಂದಿನ ಬಿತ್ತನೆಗೆ ಎಚ್ಚರ ವಹಿಸಿ. ಮನೆಯಲ್ಲಿರುವ ಜೋಳದ ಮೇಲೆ ಜೂಜಾಡಬೇಡಿ.

ನಾನಾಗಿದ್ದರೆ ಒಣಗಿಸಿ ಅರ್ಧ ಈಗಲೇ ಮಾರಿ ಕೈಸಾಲ ತೀರಿಸುತ್ತೇನೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೂ, ₹1,800ರ ಜೋಳವನ್ನು ನಾಲ್ಕು ತಿಂಗಳು ಹಿಡಿದಿಟ್ಟರೆ ಕ್ವಿಂಟಲ್‌ಗೆ ₹144 ಬಡ್ಡಿಗೇ ಹೋಯಿತು. ನುಸಿ ತಿಂದಿದ್ದು, ಚೀಲ, ಹಮಾಲಿ ಬೇರೆ. ಉಳಿದರ್ಧವನ್ನು ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಅಡಮಾನ ಸಾಲ ಸಿಗುತ್ತಾ ವಿಚಾರಿಸಿ. ನಾನು ಸ್ವಲ್ಪ ಅಂಜುವ ಮನುಷ್ಯ, ಅದು ನಿಜ. ಆದರೆ ದುಡ್ಡು ಕಟ್ಟಿಸಿಕೊಂಡು 'ಫೆಬ್ರವರಿಯಲ್ಲಿ ಮೂರು ಸಾವಿರ ಗ್ಯಾರಂಟಿ' ಅಂತ ಮೆಸೇಜು ಕಳಿಸುವವರನ್ನು ನಂಬಬೇಡಿ. ನಿಮ್ಮ ಜೋಳವನ್ನು ಆ ರೇಟಿಗೆ ಅವರೇ ಈಗ ಬರೆದುಕೊಟ್ಟು ಕೊಳ್ಳುತ್ತಾರಾ, ಕೇಳಿ ನೋಡಿ.

ಪ್ರಶ್ನೆ: ಆರ್ಥಿಕತೆಯ ಗಾತ್ರದಲ್ಲಿ ಚೀನಾ ಅಮೆರಿಕವನ್ನು ಹಿಂದೆ ಹಾಕಿತಾ?

ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಆಯಾ ದೇಶದ ದುಡ್ಡಿಗೆ ಅಲ್ಲಿ ಎಷ್ಟು ಸಾಮಾನು ಬರುತ್ತೆ ಅನ್ನೋದನ್ನು ನೋಡಿದರೆ, ಹೌದು, ಡಾಲರ್ ಲೆಕ್ಕದಲ್ಲಿ ಇನ್ನೂ ಇಲ್ಲ.

ಪ್ರಶ್ನೆ: ಭಾರತ, ಚೀನಾ, ರಷ್ಯಾ ಇರುವ ಬ್ರಿಕ್ಸ್ ಕೂಟದ ನೋಟು ಬಂದಿದೆಯಂತೆ, ಡಾಲರ್ ಮುಳುಗುತ್ತಾ?

ಅಂಥ ನೋಟೇ ಇಲ್ಲ. ಆ ವಿಡಿಯೋ ಅಳಿಸಿ.

ಪ್ರಶ್ನೆ: ವಾಣಿವಿಲಾಸ ಸಾಗರ ಜಲಾಶಯ ತುಂಬಿತಲ್ಲ, ಚಿತ್ರದುರ್ಗಕ್ಕೆ ಇನ್ನು ಬರ ಇಲ್ಲ ಅಲ್ವಾ?

1933ರಲ್ಲಿ ತುಂಬಿದ್ದು ಮತ್ತೆ ತುಂಬಿದ್ದು 2022ರಲ್ಲಿ, ನಡುವಿನ 89 ವರ್ಷದ ಕಥೆ ಹಿರಿಯೂರಿನ ಹಿರಿಯರನ್ನು ಕೇಳಿ.

ಪ್ರಶ್ನೆ: ಮಲಗುವ ಕೋಣೆಯಲ್ಲೇ ಜೋಳದ ಚೀಲ ಇವೆ. ನುಸಿಗೆ ಅಂಗಡಿಯವರು ಗುಳಿಗೆ ಕೊಟ್ಟಿದ್ದಾರೆ, ಹಾಕಬಹುದಾ?

ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್ ಇರಬೇಕು. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತೆ, ಅದಕ್ಕೆ ಮದ್ದಿಲ್ಲ. ತರಬೇತಿ ಇದ್ದವರು ಮಾತ್ರ ಬಳಸಬೇಕಾದ್ದನ್ನು ಚಿಲ್ಲರೆಯಲ್ಲಿ ಮಾರುವವರನ್ನು ಏನನ್ನಬೇಕೋ ತಿಳಿಯದು. ಈಗಾಗಲೇ ಹಾಕಿದ್ದರೆ ಮಕ್ಕಳನ್ನು ಕರೆದುಕೊಂಡು ಮನೆಯಿಂದ ಹೊರಗೆ ಬನ್ನಿ. ಯಾರಿಗಾದರೂ ವಾಂತಿ, ಉಸಿರಾಟದ ತೊಂದರೆ ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಏನು ಹಾಕಿದ್ದಿರಿ ಅಂತ ಡಾಕ್ಟರಿಗೆ ಬಾಗಿಲಲ್ಲೇ ಹೇಳಿ.