ಮರದ ಬಿಲ್ಲಿನಿಂದ ಬಿಟ್ಟ ಬಾಣ ಬಾಲ ಅಲ್ಲಾಡಿಸುತ್ತಾ ಎಡಕ್ಕೇ ಹೋಗುತ್ತದೆ. ಬಿಲ್ಲನ್ನು ಹೇಗೆ ಟ್ಯೂನ್ ಮಾಡಲಿ?

ನೀವು ಕೊಟ್ಟ ವಿವರ ಇಷ್ಟು: 62 ಇಂಚಿನ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ 28 ಇಂಚಿಗೆ 40 ಪೌಂಡ್ ಎಂದು ಬರೆದಿದೆ. ಬಾಣ 500 ಸ್ಪೈನ್‌ನ (ಬಾಣ ಎಷ್ಟು ಬಾಗುತ್ತದೆ ಅನ್ನುವ ಅಳತೆ) ಕಾರ್ಬನ್, 30 ಇಂಚು ಉದ್ದ, 100 ಗ್ರೇನ್ (ತೂಕದ ಸಣ್ಣ ಅಳತೆ) ಮೊನೆ, ಪ್ಲಾಸ್ಟಿಕ್ ಗರಿ. ಬಾಣ ಕೂರಿಸುವ ಆರೋ ರೆಸ್ಟ್ ಇಲ್ಲ, ಶೆಲ್ಫ್ (ಹಿಡಿಯ ಮೇಲಿನ ಚಪ್ಪಟೆ ಅಂಚು) ಮೇಲೆಯೇ ಬಾಣ ಇಟ್ಟು ಬಲಗೈಯಲ್ಲಿ ಎಳೆಯುತ್ತೀರಿ. ಬಿಲ್ಲೇ ಸರಿಯಿಲ್ಲವೇನೋ ಎಂದು ಕೇಳಿದ್ದೀರಿ. ನನಗೆ ಅನುಮಾನ ಬಾಣದ ಮೇಲೆ.

ಮೊದಲು ಆ ಪ್ಲಾಸ್ಟಿಕ್ ಗರಿ ಕಿತ್ತುಹಾಕಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಸೆಟ್‌ಗಳಲ್ಲಿ ಹೆಚ್ಚಾಗಿ ಅದೇ ಬರುತ್ತದೆ, ಗಾಲಿಗಳಿರುವ ಕಾಂಪೌಂಡ್ ಬಿಲ್ಲಿಗೆ ಅದು ಸರಿ. ಶೆಲ್ಫ್ ಮೇಲಿಂದ ಬಿಡುವಾಗ ನಿಜವಾದ ಹಕ್ಕಿಯ ಗರಿಯೇ ಬೇಕು. ಟರ್ಕಿ ಕೋಳಿಯ ಗರಿ ಬಿಲ್ಲಿಗೆ ತಾಗಿದರೆ ಮಡಚಿಕೊಂಡು ದಾಟುತ್ತದೆ, ಪ್ಲಾಸ್ಟಿಕ್ ತಾಗಿದರೆ ಬಾಣದ ಬಾಲವನ್ನೇ ಒದೆಯುತ್ತದೆ. ಇದನ್ನು ಬದಲಿಸದೆ ಬೇರೆ ಏನು ತಿರುಚಿದರೂ ಸುಮ್ನೆ ಸಮಯ ಹಾಳು.

ಎರಡನೆಯದು, ನೀವು ನಿಜಕ್ಕೂ ಎಷ್ಟು ಎಳೆಯುತ್ತೀರಿ? ಆ 40 ಪೌಂಡ್ 28 ಇಂಚು ಎಳೆದಾಗ ಮಾತ್ರ. ಒಂದು ಇಂಚು ಕಡಿಮೆಯಾದರೆ ಸುಮಾರು ಎರಡು, ಎರಡೂವರೆ ಪೌಂಡ್ ಇಳಿಯುತ್ತದೆ. ಬಾಣ ಹೂಡಿ ಪೂರ್ತಿ ಎಳೆದು ನಿಲ್ಲಿ. ಹಿಡಿಯ ಅತಿ ಆಳವಾದ ಜಾಗದ ನೇರಕ್ಕೆ ಬಾಣದ ಮೇಲೆ ಗುರುತು ಹಾಕಲು ಯಾರಿಗಾದರೂ ಹೇಳಿ. ನಾಕ್‌ನ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ) ಸೀಳಿನ ತಳದಿಂದ ಆ ಗುರುತಿನವರೆಗೆ ಅಳೆದು ಒಂದೂಮುಕ್ಕಾಲು ಇಂಚು ಸೇರಿಸಿದರೆ ನಿಮ್ಮ ಎಳೆತ. ಅದು 26 ಬಂದರೆ ನಿಮ್ಮ ಕೈಯಲ್ಲಿರುವುದು 35-36 ಪೌಂಡ್‌ನ ಬಿಲ್ಲು. ಅದಕ್ಕೆ 500ರ ಬಾಣ, ಅದೂ ಹಗುರ ಮೊನೆಯದು, ತೀರಾ ಬಿಗಿ.

ಬಿಗಿ ಅಂದರೆ ಏನು? 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣದ ಕಡ್ಡಿ ಇಟ್ಟು, ನಡುವೆ 880 ಗ್ರಾಂ ತೂಗುಹಾಕುತ್ತಾರೆ. ಅರ್ಧ ಇಂಚು ಬಾಗಿದರೆ ಅದು 500, 0.6 ಇಂಚು ಬಾಗಿದರೆ 600. ಅಂಕಿ ಜಾಸ್ತಿಯಾದಷ್ಟೂ ಬಾಣ ಮೆದು. ಹೆದೆ ಬಿಟ್ಟ ಕ್ಷಣ ಬಾಣ ಬಾಗಿ, ಬಿಲ್ಲಿನ ಪಕ್ಕದಿಂದ ಬಳುಕಿಕೊಂಡು ದಾಟಬೇಕು. ಬಿಗಿ ಬಾಣ ಬೇಕಾದಷ್ಟು ಬಾಗದೆ ಬಿಲ್ಲಿನ ಬದಿಗೆ ತಾಗಿ ಎಡಕ್ಕೆ ಚಿಮ್ಮುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಂದಿನಿಂದ ಹಿಡಿದರೆ ಬಾಲದ ಆಟ ಕಣ್ಣಿಗೇ ಕಾಣುತ್ತದೆ.

ಬಾಣ ಬದಲಿಸುವ ಮುಂಚೆ ಬಿಲ್ಲನ್ನು ಒಂದು ಸ್ಥಿತಿಗೆ ತನ್ನಿ. ಬ್ರೇಸ್ ಹೈಟ್, ಅಂದರೆ ಹೆದೆ ಏರಿಸಿದಾಗ ಹಿಡಿಯ ಆಳದಿಂದ ಹೆದೆಗೆ ಇರುವ ದೂರ, ಇಂಥ ರಿಕರ್ವ್‌ಗೆ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂಕಾಲು ಇಂಚು. ತಯಾರಕರು ಹೇಳಿದ್ದಿದ್ದರೆ ಅದೇ ಸರಿ. ಕೆಳಗಿನ ಅಂಕಿಯಿಂದ ಶುರು ಮಾಡಿ. ಹೆದೆ ಇಳಿಸಿ, ಒಂದು ಕುಣಿಕೆ ಬಿಡಿಸಿ, ಈಗಿರುವ ಹುರಿಯ ದಿಕ್ಕಿನಲ್ಲೇ ಮೂರ್ನಾಲ್ಕು ಸುತ್ತು ಹುರಿ ಹಾಕಿ, ಮತ್ತೆ ಏರಿಸಿ, ಕೆಲವು ಬಾಣ ಬಿಡಿ. ಒಂದು ಎತ್ತರದಲ್ಲಿ ಬಿಲ್ಲಿನ ಸದ್ದು ದಿಢೀರನೆ ತಗ್ಗಿ, ಕೈಗೆ ಬರುವ ನಡುಕವೂ ಕಡಿಮೆಯಾಗುತ್ತದೆ. ಅಲ್ಲಿ ನಿಲ್ಲಿಸಿ. ಹೊಸ ಹೆದೆ ಮೊದಮೊದಲು ಹಿಗ್ಗುತ್ತದೆ, ಹಾಗಾಗಿ ಪ್ರತಿ ಸಲ ಅಳೆಯುವುದು ಒಳ್ಳೆಯದು.

ಇನ್ನು ನಾಕಿಂಗ್ ಪಾಯಿಂಟ್, ಅಂದರೆ ಹೆದೆಯ ಮೇಲೆ ಬಾಣ ಕೂರುವ ಜಾಗದ ಗುರುತು. ಹಿತ್ತಾಳೆ ಉಂಗುರಕ್ಕಿಂತ ದಾರದ ಗಂಟೇ ನನಗೆ ಇಷ್ಟ. ಹಲ್ಲು ಉಜ್ಜುವ ಫ್ಲಾಸ್ ದಾರ ಸಾಕು. ಸರ್ವಿಂಗ್ (ಹೆದೆಯ ನಡುಭಾಗಕ್ಕೆ ಸುತ್ತಿರುವ ದಾರ) ಮೇಲೆ ಸುತ್ತಿ ಬಿಗಿಯಾಗಿ ಗಂಟು ಹಾಕಿ. ಆ ಸುತ್ತನ್ನು ಬೆರಳಲ್ಲಿ ತಿರುಗಿಸಿದರೆ ಸರ್ವಿಂಗ್‌ನ ಏಣುಗಳ ಮೇಲೆ ಸ್ಕ್ರೂ ಥರ ಕೂದಲೆಳೆಯಷ್ಟು ಮೇಲೆ ಕೆಳಗೆ ಹೋಗುತ್ತದೆ. ಬಾಣದ ಮೇಲೊಂದು, ಕೆಳಗೆರಡು ಬೆರಳಿಟ್ಟು ಎಳೆಯುವವರು ಶೆಲ್ಫ್‌ನ ಮಟ್ಟದಿಂದ ಅರ್ಧ, ಮುಕ್ಕಾಲು ಇಂಚು ಮೇಲೆ ಶುರು ಮಾಡಬಹುದು. ಮೂರೂ ಬೆರಳು ಬಾಣದ ಕೆಳಗಿದ್ದರೆ ಇನ್ನೂ ಸ್ವಲ್ಪ ಮೇಲೆ. ಬೇಕೆಂದೇ ಮೇಲಿಂದ ಶುರು ಮಾಡಿ. ಗಂಟು ತೀರಾ ಕೆಳಗಿದ್ದರೆ ಬಾಣ ಶೆಲ್ಫ್‌ಗೆ ಬಡಿದು ಪುಟಿಯುತ್ತದೆ, ಆಗ ಗಂಟು ಮೇಲಿದ್ದಾಗ ಕಾಣುವ ಲಕ್ಷಣವೇ ಕಾಣುತ್ತದೆ. ತುಂಬ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಈಗ ಬೇರ್ ಶಾಫ್ಟ್ ಪರೀಕ್ಷೆ. ಗರಿ ಇರುವ ಮೂರು, ಅಂಥದ್ದೇ ಗರಿ ಇಲ್ಲದ ಎರಡು ಬಾಣ ತೆಗೆದುಕೊಳ್ಳಿ. ಹತ್ತು ಮೀಟರ್‌ನಿಂದ ಒಂದೇ ಗುರಿಗೆ ಬಿಡಿ. ಹಿಂದೆ ಗಟ್ಟಿ ತಡೆ ಇರಲಿ, ಗರಿ ಇಲ್ಲದ್ದು ಎತ್ತ ಬೇಕಾದರೂ ಹೋಗಬಹುದು. ಬಾಣ ಯಾವ ಕೋನದಲ್ಲಿ ನಾಟಿದೆ ಎಂದು ಹೆಚ್ಚು ನೋಡಬೇಡಿ, ಫೋಮ್ ಅದನ್ನು ತಿರುಚಿಬಿಡುತ್ತದೆ. ಎಲ್ಲಿ ನಾಟಿದೆ ಅನ್ನುವುದೇ ಮುಖ್ಯ. ಗರಿ ಇರುವವುಗಳಿಗಿಂತ ಗರಿ ಇಲ್ಲದ್ದು ಕೆಳಗೆ ಬಿದ್ದರೆ ಗಂಟು ಇಳಿಸಿ, ಮೇಲೆ ಬಿದ್ದರೆ ಏರಿಸಿ. ಇದು ಸರಿಯಾದ ಮೇಲೆ ಎಡ-ಬಲ ನೋಡಿ. ಬಲಗೈಯವರಿಗೆ ಎಡಕ್ಕೆ ಬಿದ್ದರೆ ಬಿಗಿ, ಬಲಕ್ಕೆ ಬಿದ್ದರೆ ಮೆದು.

ನಿಮ್ಮದು ಎಡಕ್ಕೇ ಬೀಳುತ್ತದೆ ಎಂದುಕೊಂಡರೆ, ಸುಲಭದ ಮದ್ದು ಭಾರದ ಮೊನೆ. ಮುಂದೆ ತೂಕ ಹೆಚ್ಚಿದಷ್ಟೂ ಬಾಣ ಮೆದುವಾಗಿ ವರ್ತಿಸುತ್ತದೆ. 125, 150, 175 ಗ್ರೇನ್‌ನವು ಒಂದೊಂದು ತಂದು ತಿರುಗಿಸಿ ಹಾಕಿ ನೋಡಿ. ಬಿಲ್ಲಿನ ಬದಿಯಲ್ಲಿ ಬಾಣ ಒರಗುವ ಕಡೆ ದಪ್ಪ ಚರ್ಮ ಅಂಟಿಸಿದ್ದರೆ ತೆಳುವಾದದ್ದು ಹಾಕಿ, ಅದೂ ಸ್ವಲ್ಪ ಸಹಾಯ ಮಾಡುತ್ತದೆ. 175ಕ್ಕೂ ಬಗ್ಗದಿದ್ದರೆ 600ರ ಬಾಣ ತೆಗೆದುಕೊಳ್ಳಿ, ನಿಮ್ಮ ಎಳೆತ 26ಕ್ಕಿಂತ ಕಡಿಮೆಯಿದ್ದರೆ 700. ಅದನ್ನು ಪೂರ್ತಿ ಉದ್ದಕ್ಕೇ ತರಿಸಿ, ಮೆದು ಅನ್ನಿಸಿದರೆ ಕಾಲು ಇಂಚಿನಂತೆ ಕತ್ತರಿಸುತ್ತಾ ಬನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಅಂದಹಾಗೆ, ಯೂಟ್ಯೂಬ್‌ನ ಅಮೆರಿಕದ ವಿಡಿಯೋಗಳಲ್ಲಿ ಕಡೆಗೆ ಬೇಟೆಯ ಅಲಗು ಹಾಕಿ ಪರೀಕ್ಷಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಮ್ಮಲ್ಲಿ ಅದರ ಗೊಡವೆಯೇ ಬೇಡ, ಗುರಿಗೆ ಬಿಡುವ ಸಾದಾ ಮೊನೆ ಸಾಕು.

ಗರಿ ಇಲ್ಲದ ಎರಡು ಬಾಣ ಒಂದು ಎಡಕ್ಕೆ, ಒಂದು ಬಲಕ್ಕೆ ಹೋದರೆ ಟ್ಯೂನಿಂಗ್ ನಿಲ್ಲಿಸಿ. ಅದು ಬೆರಳು ಹೆದೆ ಬಿಡುವ ರೀತಿಯ ಸಮಸ್ಯೆ. ಕೈಯನ್ನು ಕೆನ್ನೆಯಿಂದ ಆಚೆ ಎಳೆದುಬಿಟ್ಟರೆ ಸರಿಯಾದ ಬಾಣವೂ ಎಡಕ್ಕೇ ಹೋಗುತ್ತದೆ, ಅಲ್ವಾ? ಸುಸ್ತಾದ ದಿನ ಈ ಪರೀಕ್ಷೆ ಬೇಡ. ಎರಡೂ ಬಗೆಯ ಬಾಣ ಹದಿನೈದು ಮೀಟರ್‌ನಲ್ಲಿ ಅಂಗೈ ಅಗಲದೊಳಗೆ ಬಂದರೆ ನಿಮ್ಮ ಬಿಲ್ಲಿಗೆ ಅಷ್ಟು ಸಾಕು. ಆಗ ಬ್ರೇಸ್ ಹೈಟ್, ಗಂಟಿನ ಎತ್ತರ, ಮೊನೆಯ ತೂಕ ಮೂರನ್ನೂ ಒಂದು ಚೂರು ಟೇಪ್ ಮೇಲೆ ಬರೆದು ಲಿಂಬ್‌ನ ಒಳಬದಿಗೆ ಅಂಟಿಸಿಡಿ. ಹೆದೆ ಬದಲಿಸಿದ ದಿನ ಬೇಕಾಗುತ್ತದೆ.