ಗಾಳಿಯಂತ್ರ: ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿರುವ ಎರೆಹೊಲದಲ್ಲಿ ಗಾಳಿ ವಿದ್ಯುತ್ತಿನ ಫ್ಯಾನು ನಿಲ್ಲಿಸಲಿದ್ದಾರೆ. ಅದರ ಸದ್ದಿನಿಂದ ಕಾಯಿಲೆ ಬರುತ್ತದೆ ಎಂದು ಕೆಲವರು, ಹಾನಿಯೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಯಾರ ಮಾತು ನಿಜ?
– ಗದಗ ಜಿಲ್ಲೆಯ ಓದುಗರು

ಉತ್ತರ: ಗಾಳಿಯಂತ್ರವೇ ನೇರವಾಗಿ ರೋಗ ತರುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಆದರೆ ಹತ್ತಿರ ವಾಸಿಸುವವರಿಗೆ ಅದರ ಸದ್ದಿನಿಂದ ಆಗುವ ಕಿರಿಕಿರಿ ಕಲ್ಪನೆಯಲ್ಲ. ರಾತ್ರಿ ನೆಲಮಟ್ಟದಲ್ಲಿ ಎಲೆಯೂ ಅಲುಗದಿರುವಾಗ ಮೇಲೆ ಗಾಳಿ ಜೋರಾಗಿಯೇ ಬೀಸುತ್ತಿರುತ್ತದೆ. ಸುತ್ತಲಿನ ಸದ್ದುಗಳೆಲ್ಲ ಅಡಗಿದ ಆ ಹೊತ್ತಿನಲ್ಲಿ ರೆಕ್ಕೆಯ 'ಹುಶ್, ಹುಶ್' ಎಂಬ ಏರಿಳಿತ ಮಲಗಿದವರ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2018ರಲ್ಲಿ ಈ ಸದ್ದಿನ ಹಗಲಿರುಳ ಸರಾಸರಿ 45 ಡೆಸಿಬೆಲ್ ಮೀರಬಾರದೆಂದು ಸಲಹೆ ಮಾಡಿತು. ಬೆಳಿಗ್ಗೆ ಮತ್ತು ಸಂಜೆ, ಸೂರ್ಯ ಕೆಳಗಿದ್ದಾಗ, ತಿರುಗುವ ರೆಕ್ಕೆಯ ನೆರಳು ಕಿಟಕಿಯ ಮೇಲೆ ಮತ್ತೆ ಮತ್ತೆ ಹಾದುಹೋಗುವುದೂ ಉಂಟು. ಜರ್ಮನಿಯಲ್ಲಿ ಇದಕ್ಕೆ ದಿನಕ್ಕೆ 30 ನಿಮಿಷ, ವರ್ಷಕ್ಕೆ 30 ಗಂಟೆಗಳ ಮಿತಿಯಿದೆ.

ನಮ್ಮಲ್ಲಿ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ, ಸದ್ದಿನ ಕಾರಣಕ್ಕಾಗಿಯೇ, ವಾಸದ ಮನೆಗಳಿಂದ 500 ಮೀಟರ್ ಅಂತರವನ್ನು ಹೇಳುತ್ತದೆ. ನಿಮ್ಮ ಕೂಗಳತೆ ಅದಕ್ಕಿಂತ ಕಡಿಮೆಯಿದ್ದೀತು. ಅಡಿಪಾಯದ ಗುಂಡಿ ತೋಡುವ ಮೊದಲೇ ಅಳತೆ ಮಾಡಿಸಿ, ಗ್ರಾಮ ಪಂಚಾಯಿತಿಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ. ಕಾಂಕ್ರೀಟು ಬಿದ್ದ ಮೇಲೆ ಯಂತ್ರವನ್ನು ಸರಿಸಲಾಗದು.

ಪ್ರಶ್ನೆ: ರೆಕ್ಕೆಗೆ ಬಡಿದು ಸಾಯುವ ಹಕ್ಕಿಗಳ ಹೊರತಾಗಿ ಪರಿಸರಕ್ಕೆ ಬೇರೆ ಹಾನಿ ಇದೆಯೇ?
– ಚಿತ್ರದುರ್ಗದ ಓದುಗರು

ಉತ್ತರ: ಇದೆ, ಮತ್ತು ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೆವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಯಂತ್ರಗಳಿರುವ ಜಾಗದಲ್ಲಿ ಗಿಡುಗದಂಥ ಬೇಟೆ ಹಕ್ಕಿಗಳು, ಯಂತ್ರಗಳಿಲ್ಲದ ಜಾಗಕ್ಕೆ ಹೋಲಿಸಿದರೆ, ಸುಮಾರು ನಾಲ್ಕನೆಯ ಒಂದು ಪಾಲಷ್ಟೇ ಇದ್ದವು. ಹಿಡಿದು ತಿನ್ನುವವರು ಕಡಿಮೆಯಾದುದರಿಂದ, ಗಂಟಲ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುವ ಅಲ್ಲಿನ ಓತಿಕ್ಯಾತಗಳು ಹೆಚ್ಚಿದವು. ಮನುಷ್ಯ ಬಹಳ ಹತ್ತಿರ ಹೋಗುವವರೆಗೂ ಅವು ಓಡುತ್ತಿರಲಿಲ್ಲ. ಗಂಡುಗಳ ಗಂಟಲಿನ ಬಣ್ಣ ಕೂಡ ಮಾಸಿತ್ತು. ಆಕಾಶದಲ್ಲಿ ತಿರುಗುವ ರೆಕ್ಕೆ ನೆಲದ ಮೇಲಿನ ಪುಟ್ಟ ಜೀವಿಯ ಬಣ್ಣವನ್ನು ಬದಲಿಸಿತೆಂದರೆ, ಸತ್ತ ಹಕ್ಕಿಗಳನ್ನಷ್ಟೇ ಎಣಿಸಿ ಹಾನಿಯ ಲೆಕ್ಕ ಮುಗಿಸುವುದು ತಪ್ಪೆಂದೇ ನಾನು ನಂಬುತ್ತೇನೆ. (ಡಿಕ್ಕಿಯನ್ನು ತಗ್ಗಿಸುವ ದಾರಿಗಳೂ ಇವೆ: ನಾರ್ವೆಯ ಸ್ಮೋಲಾ ದ್ವೀಪದ ನಾಲ್ಕು ಯಂತ್ರಗಳಲ್ಲಿ ತಲಾ ಒಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಸುಮಾರು ಶೇ. 70ರಷ್ಟು ಇಳಿಯಿತು.)

ನಿಮ್ಮ ಜಿಲ್ಲೆಯಂಥ ಗುಡ್ಡನಾಡಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ರಸ್ತೆ. ಉದ್ದನೆಯ ರೆಕ್ಕೆ ಹೊತ್ತ ಲಾರಿ ಮತ್ತು ಕ್ರೇನು ನೆತ್ತಿಯವರೆಗೆ ಹತ್ತಬೇಕಾದರೆ ಗುಡ್ಡದ ಮಗ್ಗುಲನ್ನು ಅಗಲವಾಗಿ ಕಡಿಯಲೇಬೇಕು. ಹುಲ್ಲು ಹಿಡಿದಿಟ್ಟಿದ್ದ ಮಣ್ಣು ಮೊದಲ ಜೋರು ಮಳೆಗೇ ಸಡಿಲಗೊಂಡು ಹಳ್ಳಕ್ಕೆ ಇಳಿದು, ಕೆಳಗಿನ ಹೊಲದ ಬದುವಿನಲ್ಲೋ ಕೆರೆಯ ಹೂಳಿನಲ್ಲೋ ಸೇರುತ್ತದೆ. ಅರಣ್ಯ ಭೂಮಿಯಾದರೆ ಕೇಂದ್ರದ ಅನುಮತಿ ಬೇಕು. ಉಳಿದ ಕಡೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳು ಇಲ್ಲದಿರುವುದರಿಂದ, ಅದರಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಹಾಗಾಗಿ ರಸ್ತೆ ಎಲ್ಲಿ ಹಾಯುತ್ತದೆ, ನೀರು ಯಾವ ಕಡೆ ಹರಿಯುತ್ತದೆ, ಕಡಿದ ಇಳಿಜಾರಿಗೆ ಮತ್ತೆ ಹುಲ್ಲು ಯಾರು ಹಿಡಿಸುತ್ತಾರೆ ಎಂಬುದನ್ನು ನಿಮ್ಮ ಗ್ರಾಮಸಭೆಯಲ್ಲೇ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ.