ಉತ್ತರ ಕನ್ನಡದಲ್ಲಿ ಮನೆ ಕಟ್ಟುವ ಪರವಾನಿಗೆ ಏಕೆ ತಡವಾಗುತ್ತದೆ, ಎಲ್ಲಿ ಸರಳಗೊಳಿಸಬಹುದು?

ಹೊನ್ನಾವರ ತಾಲೂಕಿನಲ್ಲಿ, ಶರಾವತಿ ದಂಡೆಯಿಂದ ಕೂಗಳತೆಯ ದೂರದಲ್ಲಿ, ತಂದೆ ಮತ್ತು ಚಿಕ್ಕಪ್ಪಂದಿರ ಜಂಟಿ ಹೆಸರಿನಲ್ಲಿರುವ ಜಾಗದಲ್ಲಿ ಮನೆ ಕಟ್ಟಲು ಹೊರಟು ವರ್ಷ ಕಳೆದರೂ ಪರವಾನಿಗೆ ಕೈಸೇರಿಲ್ಲವೆಂದು ನೀವು ಬರೆದಿದ್ದೀರಿ. ಪಂಚಾಯತಿಯಿಂದ ಈ ಅಧಿಕಾರ ತೆಗೆದು ಎಲ್ಲವನ್ನೂ ಏಕಗವಾಕ್ಷಿಗೆ ತಂದರೆ ಸರಿಹೋಗದೇ ಎಂದೂ ಕೇಳಿದ್ದೀರಿ. ಕುಮಟಾ ಮತ್ತು ಶಿರಸಿ ಭಾಗದಲ್ಲಿ ಮನೆಗಳ ನಕ್ಷೆ ತಯಾರಿಸಿ ಅರ್ಜಿ ಸಲ್ಲಿಸಿಕೊಡುವ ಸಿವಿಲ್ ಇಂಜಿನಿಯರ್ ನಾನು. ನನ್ನ ಅನುಭವದಲ್ಲಿ ಪಂಚಾಯತಿಯ ಮೇಜಿನ ಮೇಲೆ ಕಳೆಯುವ ಕಾಲ ಒಟ್ಟು ವಿಳಂಬದ ಸಣ್ಣ ಪಾಲು ಮಾತ್ರ. ಉಳಿದದ್ದೆಲ್ಲ ಅರ್ಜಿ ಆ ಮೇಜಿಗೆ ಬರುವ ಮೊದಲೇ, ಜಾಗದ ಕಾಗದಪತ್ರಗಳಲ್ಲಿ ಕಳೆದುಹೋಗಿರುತ್ತದೆ. ಗವಾಕ್ಷಿ ಒಂದೇ ಆದರೂ ಅದರ ಹಿಂದಿನ ಕಚೇರಿಗಳು ಒಂದರ ನಂತರ ಒಂದರಂತೆಯೇ ಕಡತ ನೋಡುವುದಾದರೆ ನಿಮಗೆ ಸಿಗುವುದು ಒಂದೇ ಕಡೆ ಕುಳಿತು ಕಾಯುವ ಅನುಕೂಲವಷ್ಟೇ.

ಈ ಜಿಲ್ಲೆಯ ಊರುಗಳ ಸ್ವರೂಪವೇ ಇದಕ್ಕೆ ಮೊದಲ ಕಾರಣ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿ ಗ್ರಾಮಠಾಣಾದೊಳಗೆ, ಅಂದರೆ ಊರಿನ ವಾಸಕ್ಕೆಂದು ಗುರುತಿಸಿದ ಜಾಗದೊಳಗೆ, ಇರುತ್ತವೆ. ಸಾಗುವಳಿಯ ಭೂಮಿ ಊರಿನ ಹೊರಗಿರುತ್ತದೆ. ನಮ್ಮಲ್ಲಿ ತೋಟದ ತಲೆಯಲ್ಲೊಂದು ಮನೆ, ಗದ್ದೆಯ ಅಂಚಿಗೊಂದು, ಗುಡ್ಡದ ಬುಡಕ್ಕೆ ಮತ್ತೊಂದು. ಹೀಗಾಗಿ ಬೇರೆಡೆ ಗ್ರಾಮಠಾಣಾದ ನಿವೇಶನಕ್ಕೆ ಬೇಕಿಲ್ಲದ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಕೃಷಿಯೇತರವಾಗಿಸುವ, ನಾವೆಲ್ಲ ಎನ್‌ಎ ಮಾಡಿಸುವುದು ಎನ್ನುವ ಕೆಲಸ, ಇಲ್ಲಿ ಹೆಚ್ಚುಕಡಿಮೆ ಪ್ರತಿ ಹೊಸ ಮನೆಗೂ ಬೇಕಾಗುತ್ತದೆ. ರೈತ ತನ್ನ ಸಾಗುವಳಿಗಾಗಿ ತೋಟದ ಮನೆ ಕಟ್ಟಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆಯಾದರೂ, ಸಾಲ ಬೇಕಾದವರಿಗೆ ಆ ದಾರಿ ಅಷ್ಟಾಗಿ ಒದಗುವುದಿಲ್ಲ.

ಎನ್‌ಎಗಿಂತ ಹಿಂದಿನ ಮೆಟ್ಟಿಲು ಇನ್ನೂ ಎತ್ತರದ್ದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಕರಾವಳಿಯ ಸಾವಿರಾರು ಗೇಣಿದಾರ ಕುಟುಂಬಗಳಿಗೆ ಜಮೀನು ಬಂದದ್ದು ಆಗಿನ ಮನೆಯ ಯಜಮಾನನ ಹೆಸರಿಗೆ. ಯಜಮಾನ ತೀರಿಕೊಂಡರೂ ಅನೇಕ ಕಡೆ ಉತಾರದಲ್ಲಿ (ಪಹಣಿಯಲ್ಲಿ) ಅವನ ಹೆಸರೇ ಉಳಿದಿದೆ, ಅಥವಾ ಮಕ್ಕಳು ಮೊಮ್ಮಕ್ಕಳ ಹೆಸರುಗಳು ಜಂಟಿಯಾಗಿ ಸಾಲುಗಟ್ಟಿ ನಿಂತಿವೆ. ಅವರಲ್ಲಿ ಒಬ್ಬರು ಮುಂಬೈಯಲ್ಲಿ, ಒಬ್ಬರು ಗೋವೆಯಲ್ಲಿ, ಇನ್ನೊಬ್ಬರೊಂದಿಗೆ ಮಾತುಕತೆಯೇ ಇಲ್ಲ. ನಿಮ್ಮ ಪಾಲಿನ ಗುಂಟೆಗಳು ಯಾವುವು ಎಂದು ಕಾನೂನಿನ ಕಣ್ಣಿಗೆ ಕಾಣಬೇಕಾದರೆ ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ, ಭೂಮಾಪಕರು ಅಳೆದು ನಿಮ್ಮ ಪಾಲನ್ನು ಗುರುತಿಸುವ 11ಇ ನಕ್ಷೆ ಕೊಟ್ಟು, ಅದರ ಆಧಾರದ ಮೇಲೆ ವಾಟಣಿಪತ್ರ (ಪಾಲುಪತ್ರ) ನೋಂದಣಿಯಾಗಿ, ಹೊಸ ಹಿಸ್ಸಾ ನಿಮ್ಮ ಹೆಸರಿಗೆ ದಾಖಲಾಗಬೇಕು. ಅದರ ನಂತರ ಎನ್‌ಎ; ಅದಾದ ಮೇಲೆ ಯೋಜನಾ ಪ್ರಾಧಿಕಾರದಿಂದ ಏಕ ನಿವೇಶನದ ಅನುಮೋದನೆ; ಆಮೇಲೆ ಪಂಚಾಯತಿಯ ಆಸ್ತಿ ದಾಖಲೆಯ ಗಣಕ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ; ಕೊನೆಗೆ ಕಟ್ಟಡ ಪರವಾನಿಗೆ. ಈ ಸರಪಳಿಯಲ್ಲಿ ಪಂಚಾಯತಿಯದು ಬಾಲ ಮಾತ್ರ, ಆದರೆ ಜನ ಕೂಗಾಡುವುದು ಅಲ್ಲೇ, ಏಕೆಂದರೆ ಊರಿನಲ್ಲಿರುವ ಕಚೇರಿ ಅದೊಂದೇ. ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಕಂದಾಯ ಇಲಾಖೆಯ ಪೌತಿ ಖಾತೆ ಆಂದೋಲನ ಮನೆ ಪರವಾನಿಗೆಯ ಸುಧಾರಣೆ ಎಂದು ಯಾರಿಗೂ ತೋರುವುದಿಲ್ಲ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸುಧಾರಣೆ ಬೇರೆ ಇಲ್ಲ.

ಎನ್‌ಎ ಅರ್ಜಿ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಅಲ್ಲಿಂದ ಹಲವು ಇಲಾಖೆಗಳ ಅಭಿಪ್ರಾಯ ಕೇಳಲಾಗುತ್ತದೆ, ಅದರಲ್ಲಿ ಅರಣ್ಯ ಇಲಾಖೆಯದೇ ನಿರ್ಣಾಯಕ. ಜಿಲ್ಲೆಯ ಬಹುಪಾಲು ನೆಲ ಅರಣ್ಯವೆಂದೇ ದಾಖಲಾಗಿರುವುದರಿಂದ ಒಂದೇ ಸರ್ವೆ ನಂಬರಿನಲ್ಲಿ ಸ್ವಲ್ಪ ಮಾಲ್ಕಿ, ಸ್ವಲ್ಪ ಅರಣ್ಯ ಇರುವುದು ಇಲ್ಲಿ ಸಾಮಾನ್ಯ. ಕಂದಾಯದ ನಕ್ಷೆಯಲ್ಲಿರುವ ಗಡಿಯೂ ಅರಣ್ಯದ ನಕ್ಷೆಯಲ್ಲಿರುವ ಗಡಿಯೂ ಒಂದಕ್ಕೊಂದು ಕೂಡಿಬರದಿದ್ದರೆ ಜಂಟಿ ಸರ್ವೆಯಾಗಬೇಕು. ಆ ದಿನಾಂಕ ಗೊತ್ತಾಗುವವರೆಗೆ ಕಡತ ಕದಲುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ಬಾಗಾಯ್ತಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆಯಷ್ಟೇ. ಅದು ಸೊಪ್ಪು ತರಗೆಲೆಗಾಗಿ ಇರುವ ಹಕ್ಕು, ಮನೆ ಕಟ್ಟುವ ಹಕ್ಕಲ್ಲ. ತಲೆಮಾರುಗಳಿಂದ ಅತಿಕ್ರಮಣದ ಜಾಗದಲ್ಲಿರುವವರ ಪ್ರಶ್ನೆಯಂತೂ ಅರಣ್ಯ ಹಕ್ಕು ಕಾಯ್ದೆಗೆ ಸೇರಿದ್ದು, ಅಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಪರವಾನಿಗೆ ಪದ್ಧತಿ ಎಷ್ಟೇ ಸರಳವಾದರೂ ಆ ಗಂಟು ಬಿಚ್ಚುವುದಿಲ್ಲ.

ನಿಮ್ಮ ಜಾಗ ಹೊಳೆಯ ಹತ್ತಿರ ಇರುವುದರಿಂದ ಸಿಆರ್‌ಝಡ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕರಾವಳಿ ನಿಯಂತ್ರಣ ವಲಯ ಸಮುದ್ರತೀರಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಉಪ್ಪುನೀರಿನ ಉಬ್ಬರ ಏರುವಷ್ಟು ದೂರ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಎರಡೂ ದಂಡೆಗಳಿಗೆ ಅದು ಅನ್ವಯಿಸುತ್ತದೆ, ಗಜನಿ ಗದ್ದೆಗಳ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ಪಕ್ಕದ ಮನೆಗಳೂ ಅದರೊಳಗೆ ಬರಬಹುದು. 2011ರ ಅಧಿಸೂಚನೆಯಲ್ಲಿ ಇಂಥ ನದಿ ಕೋಡಿಗಳ ದಂಡೆಯಲ್ಲಿ 100 ಮೀಟರ್ ಅಥವಾ ನೀರಿನ ಅಗಲ, ಯಾವುದು ಕಡಿಮೆಯೋ ಅಷ್ಟು ಎಂದಿತ್ತು; 2019ರದ್ದು ಅದನ್ನು 50 ಮೀಟರಿಗೆ ಇಳಿಸಿತು, ಆದರೆ ಅದರಂತೆ ಸಿದ್ಧವಾದ ಹೊಸ ವಲಯ ನಕ್ಷೆಗೆ ಒಪ್ಪಿಗೆ ಸಿಗಬೇಕೆಂಬ ಷರತ್ತಿನೊಂದಿಗೆ. ಅದೇ 2019ರ ಅಧಿಸೂಚನೆಯಲ್ಲಿ ಸ್ವಂತ ವಾಸದ 300 ಚದರ ಮೀಟರ್‌ವರೆಗಿನ ಮನೆಗೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು, ರಾಜ್ಯದ ಕರಾವಳಿ ಪ್ರಾಧಿಕಾರದ ಶಿಫಾರಸು ಬೇಡ ಎಂದೂ ಇದೆ. 300 ಚದರ ಮೀಟರ್ ಎಂದರೆ 3,200 ಚದರ ಅಡಿಗೂ ಹೆಚ್ಚು. ಹಳ್ಳಿಯಲ್ಲಿ ಕಟ್ಟುವ ಬಹುತೇಕ ಎಲ್ಲ ಮನೆಗಳೂ ಇದರೊಳಗೇ ಬರುತ್ತವೆ.

ಹಾಗಿದ್ದರೂ ಅಘನಾಶಿನಿ ದಂಡೆಯ ಸಣ್ಣ ಮನೆಯೊಂದಕ್ಕೆ ನಾನು ಅರ್ಜಿ ಹಾಕಿದಾಗ ಪಂಚಾಯತಿ ಸಿಆರ್‌ಝಡ್ ಪತ್ರ ತನ್ನಿರೆಂದು ಕಾರವಾರದ ದಾರಿ ತೋರಿಸಿತು. ಅಲ್ಲಿನ ಅಧಿಕಾರಿ ಹಣಕ್ಕಾಗಿ ಹೀಗೆ ಮಾಡಿದರೆಂದು ನಾನು ನಂಬುವುದಿಲ್ಲ. ಭರತರೇಖೆ, ಅಂದರೆ ಉಬ್ಬರದ ನೀರು ಏರುವ ಗಡಿ, ಆ ಜಾಗದಲ್ಲಿ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಸರ್ವೆ ನಂಬರಿನ ಮೇಲೆ ಕೂರಿಸಿ ತೋರಿಸುವ ನಕ್ಷೆ ಅವರ ಕೈಯಲ್ಲಿರಲಿಲ್ಲ, ಸಹಿ ಮಾಡಿದ ಮೇಲೆ ತಕರಾರು ಬಂದರೆ ನೋಟಿಸು ಬರುವುದು ಅವರಿಗೇ. ಅಧಿಕಾರವನ್ನು ಕೆಳಕ್ಕೆ ಕೊಟ್ಟವರು ನಕ್ಷೆಯನ್ನು ಜೊತೆಗೆ ಕೊಡಲಿಲ್ಲ. ಲಂಚದ ಬಗ್ಗೆ ನೀವು ನೇರವಾಗಿ ಕೇಳಿದ್ದೀರಿ: ಇದೆ. ಆದರೆ ಅದು ಹುಟ್ಟುವುದು ಹೀಗೆ ಅಧಿಕಾರಿ ಹಿಂಜರಿಯುವ, ಅರ್ಜಿದಾರನಿಗೆ ಕಾರಣ ತಿಳಿಯದ ಜಾಗಗಳಲ್ಲಿ. ಏಜೆಂಟರು ಮಾರುವುದೂ ಆ ಮಾಹಿತಿಯನ್ನೇ.

ಕಾನೂನಿನಲ್ಲಿ ಕಾಲಮಿತಿ ಇಲ್ಲವೆಂದಲ್ಲ. 95ನೇ ಕಲಮಿನಲ್ಲಿಯೇ ನಾಲ್ಕು ತಿಂಗಳೊಳಗೆ ಜಿಲ್ಲಾಧಿಕಾರಿಗಳ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆಯೆಂದು ಭಾವಿಸಬಹುದೆಂಬ ಮಾತಿದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆಯಡಿ ಸ್ವೀಕೃತಿ ಸಂಖ್ಯೆ ಪಡೆದು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ಭಾವಿತ ಅನುಮತಿಯನ್ನು ಬ್ಯಾಂಕಿನ ಮೇಜಿನ ಮೇಲೆ ಇಡುವುದು ಹೇಗೆ? ಅದಕ್ಕೆ ಕಾಗದವಿಲ್ಲ, ಮೊಹರಿಲ್ಲ. ಗಡುವು ಮುಗಿದ ಮರುದಿನ ಗಣಕಯಂತ್ರವೇ ಸಹಿಯುಳ್ಳ ಪ್ರಮಾಣಪತ್ರ ಹೊರಡಿಸುವಂತಾದರೆ ಮಾತ್ರ ಆ ಕಲಮಿಗೆ ಜೀವ ಬರುತ್ತದೆ. 500 ರೂಪಾಯಿ ಪರಿಹಾರವಂತೂ ಕರಾವಳಿಯ ಲೆಕ್ಕಕ್ಕೆ ಹತ್ತಿರವೂ ಬರುವುದಿಲ್ಲ. ಇಲ್ಲಿ ಅಡಿಪಾಯ ತೆಗೆಯುವ ಕಾಲ ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಪರವಾನಿಗೆ ಏಪ್ರಿಲ್ ಕೊನೆಗೆ ಬಂದರೆ ಒಂದಿಡೀ ಹಂಗಾಮು ಹೋಯಿತೆಂದೇ ಅರ್ಥ, ಅಷ್ಟರಲ್ಲಿ ಚಿರೇಕಲ್ಲು, ಮರಳು, ಕೂಲಿ ಎಲ್ಲದರ ದರವೂ ಏರಿರುತ್ತದೆ. ಕಡತಕ್ಕೆ ಎರಡು ತಿಂಗಳ ವಿಳಂಬ, ಮನೆಗೆ ಒಂದು ವರ್ಷದ್ದು.

ಹಾಗಾದರೆ ಏನು ಮಾಡಬಹುದು? ನನಗೆ ತೋಚುವುದು ಇಷ್ಟು: ಅರ್ಜಿಯ ಕೊನೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಮೊದಲ ದಿನವೇ ಉತ್ತರ ಸಿಗಬೇಕು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಈಗಲೇ ಮೊಬೈಲಿನಲ್ಲಿ ಕಾಣುತ್ತದೆ. ಅದೇ ನಕ್ಷೆಯ ಮೇಲೆ ಅರಣ್ಯದ ಗಡಿ, ಭರತರೇಖೆ, ಹೆದ್ದಾರಿಯ ಕಟ್ಟಡ ರೇಖೆ, ಭೂಕುಸಿತ ಸಾಧ್ಯತೆಯ ಪ್ರದೇಶ ಇವನ್ನು ಕೂರಿಸಿ, ಸಂಬಂಧಪಟ್ಟ ಇಲಾಖೆಗಳು ಅದಕ್ಕೆ ಒಮ್ಮೆ ಸಹಿ ಹಾಕಿ, ಯಾರೇ ಸರ್ವೆ ನಂಬರ್ ಕೊಟ್ಟರೂ ಪಂಚಾಯತಿಯಲ್ಲಿ ಒಂದು ಪುಟದ ದೃಢೀಕೃತ ಟಿಪ್ಪಣಿ ಸಿಗುವಂತೆ ಮಾಡಬೇಕು. ಟಿಪ್ಪಣಿಯಲ್ಲಿ ಯಾವ ಅಡ್ಡಿಯೂ ಇಲ್ಲವೆಂದು ಬಂದರೆ ಪುನಃ ಆ ಇಲಾಖೆಯ ನಿರಾಕ್ಷೇಪಣೆ ಕೇಳಕೂಡದು; ಅಡ್ಡಿಯಿದೆಯೆಂದು ಬಂದರೆ ಮಾತ್ರ ಸ್ಥಳಪರಿಶೀಲನೆ, ಅದೂ ಎಲ್ಲ ಇಲಾಖೆಗಳಿಗೂ ಏಕಕಾಲದಲ್ಲಿ. ಶಿರಸಿಯಿಂದ ಕಾರವಾರ ನೂರು ಕಿಲೋಮೀಟರಿಗೂ ದೂರ. ಕಾರವಾರ, ಕುಮಟಾ, ಶಿರಸಿ, ಭಟ್ಕಳದಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿಗಳಿವೆ. ತಕರಾರಿಲ್ಲದ ಸಣ್ಣ ನಿವೇಶನಗಳ ಎನ್‌ಎ ಅಲ್ಲಿಯೇ ಮುಗಿದರೆ ಯಾರಿಗೂ ನಷ್ಟವಿಲ್ಲ.

ಪಟ್ಟಣಗಳಲ್ಲಿ ಪರಿಸ್ಥಿತಿ ಇಷ್ಟು ಬಿಗಿಯಾಗಿಲ್ಲ. ಖಾತೆ ಸ್ಪಷ್ಟವಿದ್ದರೆ ನಗರಸಭೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ನಕ್ಷೆ ಮಂಜೂರಾತಿ ಬೇಗನೆ ಆಗುತ್ತದೆ. ಬೆಂಗಳೂರಿನಲ್ಲಿ 2024ರಲ್ಲಿ ಬಂದ ನಂಬಿಕೆ ನಕ್ಷೆ ಯೋಜನೆಯಂತೆ, ನೋಂದಾಯಿತ ಇಂಜಿನಿಯರ್ ಸಲ್ಲಿಸಿದ ನಕ್ಷೆಗೆ ಮೊದಲು ತಾತ್ಕಾಲಿಕ ಒಪ್ಪಿಗೆ ಕೊಟ್ಟು ನಂತರ ಪರಿಶೀಲಿಸುವ ಪದ್ಧತಿ ಕಾರವಾರ, ಶಿರಸಿಯ ಸಣ್ಣ ಮನೆಗಳಿಗೂ ಒಗ್ಗೀತು. ತಪ್ಪು ನಕ್ಷೆ ಕೊಟ್ಟ ಇಂಜಿನಿಯರನ ನೋಂದಣಿ ನಿಜವಾಗಿಯೂ ರದ್ದಾಗಬೇಕು ಎಂಬ ಷರತ್ತಿನೊಂದಿಗೆ. ನನ್ನ ವೃತ್ತಿಬಾಂಧವರಿಗೆ ಈ ಮಾತು ರುಚಿಸಲಾರದು.

ಒಂದು ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ, ಬದಲಾಗಿ ಈಗಿಲ್ಲದ ಪರಿಶೀಲನೆಯೊಂದು ಸೇರಬೇಕು. 2009ರ ಅಕ್ಟೋಬರಿನಲ್ಲಿ ಕಾರವಾರ ಹತ್ತಿರದ ಕಡವಾಡದಲ್ಲಿ ಗುಡ್ಡ ಜರಿದು ಮನೆಗಳನ್ನೇ ಮುಚ್ಚಿತು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿಗೆ ಇಳಿದದ್ದು ಎಲ್ಲರಿಗೂ ನೆನಪಿದೆ. ಮೂರರ ಕಾರಣಗಳೂ ಒಂದೇ ಅಲ್ಲ. ಆದರೆ ಜೆಸಿಬಿ ಸುಲಭವಾಗಿ ಸಿಗತೊಡಗಿದ ಮೇಲೆ ಗುಡ್ಡದ ಬುಡ ಕಡಿದು ಸಮತಟ್ಟು ಮಾಡಿ ಮನೆ ಕಟ್ಟುವುದು ಇಲ್ಲಿ ವಾಡಿಕೆಯಾಗಿದೆ, ಮನೆಯ ಹಿಂಬದಿಗೆ ಎರಡಾಳೆತ್ತರದ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನೆಟ್ಟಗೆ ನಿಂತಿರುತ್ತದೆ. ನಾವು ಸಲ್ಲಿಸುವ ನಕ್ಷೆಯಲ್ಲಿ ನಾಲ್ಕೂ ಬದಿಗೆ ಬಿಟ್ಟ ಜಾಗ ಎಷ್ಟೆಂದು ಬರೆಯುತ್ತೇವೆ. ಆ ಧರೆಯ ಎತ್ತರವೆಷ್ಟು, ಮಳೆನೀರು ಅದರ ನೆತ್ತಿಯಿಂದ ಎತ್ತ ಹರಿಯುತ್ತದೆ ಎಂದು ಪಂಚಾಯತಿಗಳಲ್ಲಿ ಯಾರೂ ನನ್ನನ್ನು ಕೇಳಿದ್ದಿಲ್ಲ. ಹತ್ತು ಕಚೇರಿಗಳ ಸಹಿಗಿಂತ ಈ ಒಂದು ಪ್ರಶ್ನೆಗೆ ಹೆಚ್ಚು ಬೆಲೆಯಿದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಿಂದ ಮನೆ ಕಟ್ಟುವುದೇ ನಿಲ್ಲುತ್ತದೆಂಬ ಭಯ ಘಟ್ಟದ ಮೇಲೆ ವ್ಯಾಪಕವಾಗಿದೆ. ಆ ಕರಡು ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳನ್ನು, ಒಬ್ಬ ಗೃಹಸ್ಥನ ಮನೆಯನ್ನಲ್ಲ.

ನಿಮ್ಮ ಪ್ರಕರಣಕ್ಕೆ ಬರುವುದಾದರೆ, ಪಂಚಾಯತಿಗೆ ಹಾಕಿದ ಅರ್ಜಿಯ ಹಿಂದೆ ಸದ್ಯಕ್ಕೆ ಓಡಬೇಡಿ. ಜಂಟಿ ಹೆಸರಿರುವವರೆಗೆ ಅದು ಮುಂದೆ ಹೋಗುವುದು ಕಷ್ಟ. ಮೊದಲು ಕಾರವಾರದ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ನಿಮ್ಮ ಸರ್ವೆ ನಂಬರ್ ಭರತರೇಖೆಯಿಂದ ಎಷ್ಟು ದೂರದಲ್ಲಿದೆಯೆಂದು ಲಿಖಿತವಾಗಿ ಕೇಳಿ, ಏಕೆಂದರೆ ಜಾಗ ನಿಷಿದ್ಧ ವಲಯದೊಳಗೆ ಬಿದ್ದರೆ ಮುಂದಿನ ಖರ್ಚೆಲ್ಲ ವ್ಯರ್ಥ. ಅದು ಅನುಕೂಲವಾಗಿ ಬಂದರೆ ಚಿಕ್ಕಪ್ಪಂದಿರ ಒಪ್ಪಿಗೆ ಪಡೆದು 11ಇ ನಕ್ಷೆಗೆ ಅರ್ಜಿ ಹಾಕಿ. ಜೋರು ಮಳೆಯಲ್ಲಿ ಅಳತೆ ನಡೆಯುವುದಿಲ್ಲವಾದ್ದರಿಂದ ಗಣೇಶ ಚೌತಿಗೆ ಎಲ್ಲರೂ ಊರಿಗೆ ಬಂದಾಗಲೇ ಸಹಿಗಳನ್ನು ಮುಗಿಸಿಕೊಂಡರೆ, ಮಳೆ ಬಿಟ್ಟ ಕೂಡಲೇ ಭೂಮಾಪಕರನ್ನು ಜಾಗಕ್ಕೆ ಕರೆತರಬಹುದು. ವಾಟಣಿ ನೋಂದಣಿಯಾದ ವಾರದಲ್ಲೇ ಎನ್‌ಎ ಅರ್ಜಿಯೂ ಹೋಗಲಿ. ಪ್ರತಿ ಹಂತದಲ್ಲೂ ಸ್ವೀಕೃತಿ ಸಂಖ್ಯೆ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ನಿಮ್ಮ ಜಾಗದ ಹಿಂದೆ ಧರೆ ಇದೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಅದರ ಎತ್ತರ ತಿಳಿಸಿ, ಮನೆಯನ್ನು ಎಷ್ಟು ಮುಂದಕ್ಕೆ ತರಬೇಕೆಂದು ಹೇಳುತ್ತೇನೆ.